ಪರದೇಶಿಗಳು ಕಂಡ ಪೇಟೆ

ರಾತ್ರಿ ಊಟ ಮುಗಿಸಿ ಬಾನುಲಿಯ ಮುಂದೆ ಕುಳಿತಿದ್ದೀರಿ ಎಂದಿಟ್ಟುಕೊಳ್ಳಿ. ಒಂದು ವೈಜ್ಞಾನಿಕ ಕಥೆ ಬರುತ್ತಿದೆ. ಭೂಮಿಯನ್ನು ಬಿಟ್ಟು ಹೊರಟ ನಾಲ್ವರು ಪ್ರಯಾಣಿಕರು ಯಾವುದೋ ಗ್ರಹದಲ್ಲಿಳಿದು ಅಲ್ಲಿಯ ಸಂತೆಯನ್ನು ಹೊಗುತ್ತಾರೆ. ಅಲ್ಲಿನ ಮಾತು ಅವರಿಗೆ ತಿಳಿಯದು, ನಾಣ್ಯದ ಬೆಲೆ ಗೊತ್ತಿಲ್ಲ. ಎದುರಿಗಿರುವ ಪದಾರ್ಥ ತಿನ್ನುವುದೋ ಮೂಸುವುದೋ ಅದೂ ಅರಿಯದು. ಕೇಳುವ ನಿಮಗೆ ಮೋಜು. ನಾನು ಹೇಳಹೊರಟಿರುವುದೂ ಅಂಥದೇ ಕಥೆ, ಆದರೆ ನಡೆದುದು. ಗ್ರಹವೂ ದೂರದ್ದಲ್ಲ. ಹಗರಿಬೊಮ್ಮನಹಳ್ಳಿಯಲ್ಲಿ ಬಸ್ಸು ಹತ್ತಿ ಹೊಸಪೇಟೆಯಲ್ಲಿಳಿದರೆ, ಅಲ್ಲಿಂದ ಕೂಗಳತೆಯೆನ್ನುವಷ್ಟರಲ್ಲಿ ಹಂಪೆ.

ಮೊದಲು ಬಂದವರಲ್ಲಿ ಒಬ್ಬ ವೆನಿಸ್ಸಿನ ನಿಕೊಲೊ ಕಾಂಟಿ, ಸುಮಾರು 1420ರಲ್ಲಿ. ಈತ ತಾನೇ ಏನನ್ನೂ ಬರೆಯಲಿಲ್ಲ. ಊರಿಗೆ ಮರಳಿದ ಮೇಲೆ ಬಾಯಲ್ಲಿ ಹೇಳಿದ. ಪೋಪರ ಕಾರ್ಯದರ್ಶಿಯಾಗಿದ್ದ ಪೋಜಿಯೊ ಎಂಬ ಪಂಡಿತ ಕೇಳಿ ಬರೆದುಕೊಂಡ. ಕಿವಿಯಿಂದ ಕೇಳಿದ ಕಥೆಯೆಂಬ ಕಾರಣಕ್ಕೆ ಬಾನುಲಿಯ ನಮಗೆ ಕಾಂಟಿ ಸ್ವಲ್ಪ ನೆಂಟ. ಆದರೆ ಪೇಟೆಯ ವಿಷಯದಲ್ಲಿ ಅವನಿಂದ ನಮಗೆ ಹೆಚ್ಚು ದಕ್ಕುವುದಿಲ್ಲ.

ದಕ್ಕುವುದು ಹೆರಾತಿನ ಅಬ್ದುಲ್ ರಜಾಕನಿಂದ. ತೈಮೂರನ ಮಗನಾದ ಶಾರುಖ್ ದೊರೆ ಇವನನ್ನು ಕಲ್ಲಿಕೋಟೆಗೆ ರಾಯಭಾರಿಯಾಗಿ ಕಳುಹಿಸಿದ್ದ. ಅಲ್ಲಿ ಬೇಸತ್ತು ಕುಳಿತಿದ್ದವನಿಗೆ ಇಮ್ಮಡಿ ದೇವರಾಯನಿಂದ ಕರೆ ಬಂತು. ಸಮುದ್ರದ ಮೇಲೆ ಮಂಗಳೂರಿಗೆ ಬಂದು, ಘಟ್ಟ ಹತ್ತಿ, 1443ರ ಏಪ್ರಿಲ್ ಕೊನೆಯಲ್ಲಿ ವಿಜಯನಗರವನ್ನು ಸೇರಿದ. ಏಳು ಸುತ್ತಿನ ಕೋಟೆಯನ್ನು ಕಂಡು ಬೆರಗಾದನೆಂಬುದನ್ನು ಶಾಲೆಯ ಪಾಠದಲ್ಲಿ ನೀವೆಲ್ಲ ಓದಿದ್ದೀರಿ. ನನಗೆ ಅದಕ್ಕಿಂತ ಹಿಡಿಸುವುದು ಅವನು ಅರಮನೆಯ ಬಳಿಯ ಅಂಗಡಿಬೀದಿಗಳಲ್ಲಿ ಸುತ್ತಾಡಿದ ಪರಿ. ಒಂದೊಂದು ಕಸುಬಿನವರ ಅಂಗಡಿಗಳು ಒಂದಕ್ಕೊಂದು ಹೊಂದಿಕೊಂಡು ಸಾಲಾಗಿದ್ದುವಂತೆ. ಮುತ್ತು, ಕೆಂಪು, ಪಚ್ಚೆ, ವಜ್ರಗಳನ್ನು ರತ್ನಪಡಿ ವ್ಯಾಪಾರಿಗಳು ಬಯಲಲ್ಲೇ ಹರಡಿ ಮಾರುತ್ತಿದ್ದರಂತೆ. ಎಲ್ಲೆಲ್ಲೂ ಗುಲಾಬಿ, ಈ ಜನಕ್ಕೆ ಹೂವೆಂದರೆ ಅನ್ನದಷ್ಟೇ ಅಗತ್ಯ ಎಂಬ ಅರ್ಥದ ಮಾತನ್ನು ಆತ ಬರೆದಿದ್ದಾನೆ.

ಇದನ್ನು ಓದಿದಾಗ ನಮ್ಮ ಕಡೆಯವರಿಗೆ ಹೂವಿನ ಹಡಗಲಿಯ ನೆನಪಾಗದಿರದು. ರಾಜಧಾನಿಗೆ ಹೂವು ಅಲ್ಲಿಂದಲೇ ಹೊಳೆಯ ಮೇಲೆ ಹೋಗುತ್ತಿತ್ತು, ಅದರಿಂದಲೇ ಊರಿಗೆ ಆ ಹೆಸರು ಎಂದು ಹಿರಿಯರು ಹೇಳುತ್ತಾರೆ. ಜನರ ಬಾಯಿಮಾತು ಅದು. ಶಾಸನದ ಮಾತಿನಂತೆ ತೂಗಿನೋಡಲಾಗದು. ರಜಾಕ್ ಕಂಡದ್ದು ಗುಲಾಬಿ, ಹಡಗಲಿಯ ಹೆಸರು ಇಂದಿಗೂ ಉಳಿದಿರುವುದು ಮಲ್ಲಿಗೆಯಿಂದ. ಆದರೂ ನೆನಪಾಗುತ್ತದೆ.

ಎಲೆಯಡಿಕೆಯ ವಿಷಯದಲ್ಲಂತೂ ಶಾಸನವೇ ಇದೆ. ಇದೇ ದೇವರಾಯ 1426ರಲ್ಲಿ ಪಾರ್ಶ್ವನಾಥ ಚೈತ್ಯಾಲಯವನ್ನು ಕಟ್ಟಿಸಿದ್ದು ಎಲೆಯಡಿಕೆ ಅಂಗಡಿಗಳ ಬೀದಿಯಲ್ಲಿ ಎಂದು ಅಲ್ಲಿಯ ಸಂಸ್ಕೃತ ಬರಹ ಹೇಳುತ್ತದೆ. ಹದಿನೇಳು ವರ್ಷಗಳ ಅನಂತರ ಬಂದ ರಜಾಕನಿಗೆ ಈ ಎಲೆ ದೊಡ್ಡ ಸೋಜಿಗವಾಯಿತು. ಅಡಿಕೆಯನ್ನು ಜಜ್ಜುವುದು, ಎಲೆಗೆ ಸುಣ್ಣ ಸವರುವುದು, ಕರ್ಪೂರ ಬೆರಸುವುದು, ಕೆಂಪಗೆ ಉಗುಳುವುದು, ಎಲ್ಲವನ್ನೂ ಕ್ರಮವಾಗಿ ಬರೆದ. ಅರಸನಿಗೆ ಅಷ್ಟು ಮಂದಿ ರಾಣಿಯರಿರುವುದು ಈ ಎಲೆಯ ಮಹಿಮೆಯಿಂದಲೇ ಇರಬೇಕೆಂದು ತರ್ಕಿಸಿದ! ಹೊಸ ಗ್ರಹಕ್ಕೆ ಹೋದವನು ಹೀಗೆಯೇ ಯಾವುದಕ್ಕೋ ಯಾವುದನ್ನೋ ಗಂಟು ಹಾಕುತ್ತಾನೆ.

ನಾಣ್ಯಗಳ ಲೆಕ್ಕದಲ್ಲಿ ಮಾತ್ರ ಆತ ಜಾಣ. ವರಹದ ಅರ್ಧ ಪ್ರತಾಪ, ಪ್ರತಾಪದ ಹತ್ತನೆಯ ಒಂದು ಪಾಲು ಹಣ, ಹಣದ ಆರನೆಯ ಒಂದು ಪಾಲು ಬೆಳ್ಳಿಯ ತಾರ, ತಾರದ ಮೂರನೆಯ ಒಂದು ಪಾಲು ತಾಮ್ರದ ಜಿತಲ್. ಒಂದು ವರಹವನ್ನು ಮುರಿಸಿದರೆ 360 ಜಿತಲ್ ಆಯಿತು. ಅವನ ದಿನದ ಪಡಿಯೂ ಕಡಿಮೆಯದಲ್ಲ: ಎರಡು ಕುರಿ, ನಾಲ್ಕು ಜೊತೆ ಕೋಳಿ, ಅಕ್ಕಿ, ಬೆಣ್ಣೆ, ಸಕ್ಕರೆ, ಮೇಲೆ ಎರಡು ವರಹ.

ಆದರೆ ಪೇಟೆಯೆಂದ ಮೇಲೆ ಚಾಡಿಯೂ ಉಂಟು. ಊರಲ್ಲಿದ್ದ ಹಾರ್ಮುಜಿನ ವರ್ತಕರು, ಈತ ಶಾರುಖನ ರಾಯಭಾರಿಯೇ ಅಲ್ಲ ಎಂದು ಸುದ್ದಿ ಹಬ್ಬಿಸಿದರು. ತನ್ನ ಭಾಷೆ ಬಲ್ಲವರೇ ತನ್ನ ವಿರುದ್ಧ ಸಾಕ್ಷಿ ಹೇಳಿದರೆ ಪರದೇಶಿ ಏನು ಮಾಡಿಯಾನು? ಮನ್ನಣೆ ಕಡಿಮೆಯಾಯಿತು, ವರ್ಷ ಮುಗಿಯುವ ಮುನ್ನ ಆತ ಹೊರಟುಹೋದ. ಇಷ್ಟು ನೊಂದವನೂ ತನ್ನ ಗ್ರಂಥದಲ್ಲಿ ಊರನ್ನು ಹಳಿಯಲಿಲ್ಲ. ಅವನ ಮಾತನ್ನು ನಾನು ನಂಬುವುದಕ್ಕೆ ಇದೂ ಒಂದು ಕಾರಣ.

ಸುಮಾರು 1520ರಲ್ಲಿ, ಕೃಷ್ಣದೇವರಾಯನ ಕಾಲಕ್ಕೆ ಬಂದ ಪೋರ್ಚುಗೀಸ ಡೊಮಿಂಗೊ ಪಾಯೆಸ್ ಬೇರೆ ಬಗೆಯವನು. ಗುಡ್ಡವೊಂದನ್ನು ಹತ್ತಿ ನೋಡಿ, ಊರು ರೋಮಿನಷ್ಟಿದೆ ಎಂದ. ಆದರೆ ಅವನ ಕಣ್ಣು ಪದೇ ಪದೇ ತಿರುಗುವುದು ಬುಟ್ಟಿಗಳ ಕಡೆಗೆ. ದಿನವೂ ಸಂಜೆ ಸಂತೆ ಕೂಡುತ್ತಿತ್ತು. ಅಲ್ಲಿ ತಟ್ಟುಗಳು, ನಿಂಬೆ, ಕಿತ್ತಳೆ, ದ್ರಾಕ್ಷಿ, ಕಾಯಿಪಲ್ಯ, ಸೌದೆ. ಹಣಕ್ಕೆ ದ್ರಾಕ್ಷಿ ಮೂರು ಗೊಂಚಲು, ದಾಳಿಂಬೆ ಹತ್ತು. ಪಟ್ಟಣದೊಳಗೆ ಮೂರು ಕೋಳಿ ಸಿಗುವ ದುಡ್ಡಿಗೆ ಹೊರಗೆ ನಾಲ್ಕು! ಪೇಟೆಗಿಂತ ಹಳ್ಳಿಯಲ್ಲಿ ಅಗ್ಗವೆಂಬುದು ಮನೆವಾರ್ತೆ ನೋಡುವ ನಿಮ್ಮ ತಾಯಂದಿರಿಗೆ ಹೊಸ ಸಂಗತಿಯೇನಲ್ಲ. ಹದಿನೈದು ವರ್ಷಗಳ ತರುವಾಯ ಬಂದ ಕುದುರೆ ವ್ಯಾಪಾರಿ ನೂನಿಜ್ ಇನ್ನೊಂದು ಸ್ವಾರಸ್ಯವನ್ನು ಸೇರಿಸುತ್ತಾನೆ. ಬೇಟೆಯ ಪ್ರಾಣಿಪಕ್ಷಿಗಳನ್ನು ಜೀವಂತವಾಗಿಯೇ ಮಾರಬೇಕಿತ್ತಂತೆ, ಕೊಳ್ಳುವವನಿಗೆ ತಾನು ಕೊಳ್ಳುತ್ತಿರುವುದು ಏನೆಂದು ತಿಳಿಯಲಿ ಎಂದು. ಅರಸ ವರ್ಷಕ್ಕೆ ಹಾರ್ಮುಜಿನ ಹದಿಮೂರು ಸಾವಿರ ಕುದುರೆಗಳನ್ನು ಕೊಳ್ಳುತ್ತಿದ್ದನೆಂದೂ ಬರೆದಿದ್ದಾನೆ.

ಈ ಇಬ್ಬರ ಬರಹಗಳೂ ಮುನ್ನೂರು ವರ್ಷಗಳಿಗೂ ಮಿಕ್ಕು ಅಚ್ಚಾಗದೆ ಉಳಿದಿದ್ದುವು. ಪ್ಯಾರಿಸ್ಸಿನ ಗ್ರಂಥಾಲಯದಲ್ಲಿದ್ದ ಹಸ್ತಪ್ರತಿಯನ್ನು ಡೇವಿಡ್ ಲೋಪೆಸ್ 1897ರಲ್ಲಿ ಲಿಸ್ಬನ್ನಿನಲ್ಲಿ ಪ್ರಕಟಿಸಿದ. 1900ರಲ್ಲಿ ರಾಬರ್ಟ್ ಸೀವೆಲ್ ಇಂಗ್ಲಿಷಿಗೆ ತಂದ. ಬುಟ್ಟಿ ಹೊತ್ತ ನಮ್ಮ ಹೆಣ್ಣುಮಕ್ಕಳು ಮಾತ್ರ ಈ ಪರದೇಶಿಗಳನ್ನು ಕಂಡು ಏನೆಂದುಕೊಂಡರು, ಎಷ್ಟು ಹೆಚ್ಚು ಬೆಲೆ ಹೇಳಿದರು, ಅದನ್ನು ಯಾರೂ ಬರೆದಿಡಲಿಲ್ಲ.

ಈಗ ನೀವೇ ರಜಾಕನ ಜೊತೆ 1443ರ ಆ ಬೀದಿಯಲ್ಲಿ ನಿಂತಿದ್ದೀರಿ ಎನ್ನಿ. ಸಾರಿಗೆಂದು ಮೆಣಸಿನಕಾಯಿ ಕೇಳಿದರೆ ಅಂಗಡಿಯವನು ಕಣ್ಣರಳಿಸುತ್ತಾನೆ. ಆಲೂಗಡ್ಡೆ ಇಲ್ಲ, ಟೊಮ್ಯಾಟೊ ಇಲ್ಲ; ನಮ್ಮ ಹೊಲಗಳಲ್ಲಿ ಈಗ ಎಲ್ಲೆಂದರಲ್ಲಿ ಕಾಣುವ ಶೇಂಗಾ, ಮೆಕ್ಕೆಜೋಳಗಳ ಹೆಸರನ್ನೂ ಆತ ಕೇಳಿಲ್ಲ. ಇವೆಲ್ಲ ಅಮೆರಿಕೆಯಿಂದ ಇನ್ನೂ ಹಡಗು ಹತ್ತಬೇಕಾಗಿದ್ದ ಪದಾರ್ಥಗಳು. ಜೋಳದ ರೊಟ್ಟಿಗೆ ನೆಂಚಿಕೊಳ್ಳುವುದಕ್ಕೆ ಕಾಳುಮೆಣಸಿನ ಖಾರವೇ ಗತಿ. ಅಲ್ಲಿ ನೀವೂ ಪರದೇಶಿಯೇ.

1565ರ ಜನವರಿಯಲ್ಲಿ ರಕ್ಕಸ-ತಂಗಡಿಯ ಯುದ್ಧವಾಯಿತು. ಎರಡು ವರ್ಷಗಳ ಮೇಲೆ, 1567ರಲ್ಲಿ, ವೆನಿಸ್ಸಿನ ಸೀಸರ್ ಫೆಡರಿಚಿ ಇಲ್ಲಿಗೆ ಬಂದ. ಅವನ ಜೊತೆಯ ಇಬ್ಬರು ವರ್ತಕರು ಮುನ್ನೂರು ಅರಬ್ಬಿ ಕುದುರೆಗಳನ್ನು ಹೊಡೆದುಕೊಂಡು ಬಂದಿದ್ದರು. ಮನೆಗಳು ನಿಂತಿದ್ದುವು, ಒಳಗೆ ಜನವಿರಲಿಲ್ಲ. ಹುಲಿ ಮೊದಲಾದ ಕಾಡುಮೃಗಗಳು ಸೇರಿಕೊಂಡಿದ್ದುವಂತೆ. ಒಂದು ತಿಂಗಳಲ್ಲಿ ಮುಗಿಯುವ ಕೆಲಸಕ್ಕೆ ಏಳು ತಿಂಗಳು ಕಾಯಬೇಕಾಯಿತು, ದಾರಿಯಲ್ಲಿ ಕಳ್ಳರ ಭಯ. ಯುದ್ಧದಲ್ಲಿ ಹೋದ ಕುದುರೆಗಳ ಬೆಲೆಯನ್ನೂ ಕೊಡುತ್ತೇನೆ, ಹೊಸದನ್ನು ತನ್ನಿ ಎಂದು ತಿರುಮಲರಾಯ ಹೇಳಿಕಳುಹಿಸಿದ್ದ. ಕುದುರೆಗಳು ಬಂದುವು, ಲಾಯವನ್ನು ಸೇರಿದುವು. ವರ್ತಕರಿಗೆ ಬಿಡಿಕಾಸೂ ಸಿಗಲಿಲ್ಲವೆಂದೂ, ಆ ಬಡಪಾಯಿಗಳು ದುಃಖದಿಂದ ಹುಚ್ಚು ಹಿಡಿದವರಂತಾದರೆಂದೂ ಫೆಡರಿಚಿ ಬರೆದಿದ್ದಾನೆ.