ಅಡಿಕೆ ನಾಡಿನಲ್ಲಿ 'ಬೇಡ' ಎನ್ನುವ ಪಾಠ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಮನೆಗೆ ಬಂದವರ ಮುಂದೆ ಎಲೆಯಡಿಕೆ ತಟ್ಟೆ ಇಡದಿದ್ದರೆ ಮರ್ಯಾದೆಯಲ್ಲ. ಜಾತಿ, ಧರ್ಮದ ಭೇದ ಆ ತಟ್ಟೆಗಿಲ್ಲ. ಅದರ ಮೂಲೆಯಲ್ಲಿ ಹೊಗೆಸೊಪ್ಪೂ ಇರುತ್ತಿತ್ತು. ಕೊಯ್ಲಿನ ಕಾಲದಲ್ಲಿ ರಾತ್ರಿ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುವವರಿಗೆ ನಿದ್ದೆ ಓಡಿಸುವ ಮದ್ದು ಅದೇ. ಪಕ್ಕದ ಹುಡುಗನಿಗೆ 'ನೀನೂ ಸ್ವಲ್ಪ ಹಾಕು' ಎಂದವರು ದುಷ್ಟರೇನಲ್ಲ. ಮಾವನೋ ಅಣ್ಣನೋ ಆಗಿರುತ್ತಿದ್ದರು. ನಮ್ಮ ಕಡೆಯ ಚಟದ ಚರಿತ್ರೆ ಬರೆಯುವವರು ಸಾರಾಯಿ ಅಂಗಡಿಗಿಂತ ಮೊದಲು ಈ ತಟ್ಟೆಯನ್ನು ನೋಡಬೇಕು.

ನಾವು ಶಾಲೆಯಲ್ಲಿದ್ದಾಗ 'ದುಶ್ಚಟಗಳು' ಪ್ರಬಂಧ ಎಲ್ಲರಿಗೂ ಬಾಯಿಪಾಠ. ಹತ್ತಕ್ಕೆ ಎಂಟು ಅಂಕ ತೆಗೆದವರೇ ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಗುಟ್ಕಾ ಚೀಟಿ ಹರಿಯುತ್ತಿದ್ದರು. ಅದು ಕೆಟ್ಟದ್ದೆಂದು ಗೊತ್ತಿತ್ತು. ಗೆಳೆಯ ಕೈಚಾಚಿದಾಗ ಗೆಳೆತನ ಕೆಡದಂತೆ 'ಬೇಡ' ಎನ್ನುವುದು ಹೇಗೆಂದು ಮಾತ್ರ ಯಾರೂ ಕಲಿಸಿರಲಿಲ್ಲ.

ಹಾಗಂತ 'ಬೇಡ ಎನ್ನಿ' ಎಂದು ಬರೀ ಬೋಧಿಸಿದರೂ ಸಾಲದು. 1983ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಪೊಲೀಸರನ್ನೇ ತರಗತಿಗೆ ಕಳಿಸುವ 'ಡೇರ್' ಕಾರ್ಯಕ್ರಮ ಶುರುವಾಗಿ ಅಮೆರಿಕದ ತುಂಬ ಹಬ್ಬಿತು. 1990ರ ದಶಕದ ಅಧ್ಯಯನಗಳಲ್ಲಿ ಕಂಡ ಫಲ ಮಾತ್ರ ಅತ್ಯಲ್ಪ. ಅದಕ್ಕೂ ಮೊದಲೇ ಮನಶ್ಶಾಸ್ತ್ರಜ್ಞ ಗಿಲ್ಬರ್ಟ್ ಬೋಟ್ವಿನ್ ಬೇರೆ ದಾರಿ ಹಿಡಿದಿದ್ದರು: ಮಕ್ಕಳೇ ಆ ಸನ್ನಿವೇಶವನ್ನು ಅಭಿನಯಿಸಬೇಕು, ಮುಂದಿನ ತರಗತಿಗಳಲ್ಲೂ ಅಭ್ಯಾಸ ಮುಂದುವರಿಯಬೇಕು. ಸೈಕಲ್ ಕಲಿತಂತೆ. ಇಂಥ 'ಜೀವನ ಕೌಶಲ'ಗಳನ್ನು ಶಾಲೆಗೆ ತರಬೇಕೆಂದು 1990ರ ದಶಕದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ನಮ್ಮಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಪ್ರೌಢಶಾಲೆಯ ಶಿಕ್ಷಕರಿಗೆ ತರಬೇತಿ ಕೊಟ್ಟು ಇದನ್ನು ಮಾಡಿಸಿತು.

ಸರ್ಕಾರ ಕಾನೂನನ್ನೂ ತಂದಿತು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು, ವೈನ್‌ಶಾಪ್ ಉಳಿಯಿತು. 2013ರಲ್ಲಿ ಗುಟ್ಕಾ ನಿಷೇಧವಾಯಿತು. ಪಾನ್ ಮಸಾಲ, ತಂಬಾಕು ಬೇರೆ ಬೇರೆ ಚೀಟಿಯಲ್ಲಿ ಬಂದವು. ಅಡಿಕೆಯ ಧಾರಣೆ ಏನಾಗುವುದೋ ಎಂದು ಬೆಳೆಗಾರರು ಕಂಗಾಲಾದರು. ಅದು ಸುಳ್ಳು ಭಯವಲ್ಲ. ನಮ್ಮ ಮಕ್ಕಳ ಫೀಸು ಹೋಗುವುದೇ ಆ ಧಾರಣೆಯಿಂದ. ಆದರೆ ತಂಬಾಕಿಲ್ಲದ ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಪ್ರಕಟಿಸಿದೆ. ಇದನ್ನು ತೋಟದ ಮನೆಯ ಮಕ್ಕಳಿಗೆ ಪಾಠ ಹೇಳುವ ಮೇಷ್ಟ್ರ ಪಾಡು ಯಾರಿಗೂ ಬೇಡ.

ಕಥೆ ಹೇಳಲು ಕೊಪ್ಪದ ಕಡೆಯ ಶಾಲೆಯೊಂದಕ್ಕೆ ಹೋಗಿದ್ದಾಗ ನಾವೂ ಈ ಆಟ ಆಡಿಸಿ ನೋಡಿದೆವು. ಕೊಡುವವನ ಪಾತ್ರಕ್ಕೆ ಮಕ್ಕಳು ಗೆಳೆಯನನ್ನು ಆರಿಸಲಿಲ್ಲ, ಮಾವನನ್ನು ಆರಿಸಿದರು. ಮೊದಲ ಸಲ ಹುಡುಗ ತಲೆ ತಗ್ಗಿಸಿ ನಿಂತ. ಎರಡನೆಯ ಸಲ ಓಡಿಹೋದ, ಎಲ್ಲರೂ ನಕ್ಕರು. ಮೂರನೆಯ ಸಲ ಹೇಳಿದ: "ಮಾವ, ಅದು ಬೇಡ. ಒಂದು ಲೋಟ ಚಾ ಕೊಡಿ, ನಿಮ್ಮ ಜೊತೆಗೇ ಕೂತು ಕುಡಿತೀನಿ."