ಕಸ ವಿಂಗಡಣೆ: ಬೆಂಗಳೂರಿನ ಎರಡು ಬುಟ್ಟಿ, ಒಂದು ಚೀಲ

ಮನೆಯ ಕಸವನ್ನು ಹುಟ್ಟಿದ ಜಾಗದಲ್ಲೇ ಮೂರು ಪಾಲು ಮಾಡಿ ಕೊಡುವ ಪದ್ಧತಿಗೆ ಬೆಂಗಳೂರಿನಲ್ಲಿ ‘ಎರಡು ಬುಟ್ಟಿ, ಒಂದು ಚೀಲ’ ಎನ್ನುತ್ತಾರೆ. ತರಕಾರಿ ಸಿಪ್ಪೆ, ಮಿಕ್ಕ ಅನ್ನ, ಕಾಫಿ ಚರಟ, ಬಾಡಿದ ಹೂವು ಹಸಿರು ಬುಟ್ಟಿಗೆ. ಡಯಾಪರ್, ಸ್ಯಾನಿಟರಿ ಪ್ಯಾಡ್, ಬ್ಯಾಂಡೇಜು ಕೆಂಪು ಬುಟ್ಟಿಗೆ. ಕಾಗದ, ರಟ್ಟು, ಪ್ಲಾಸ್ಟಿಕ್, ಗಾಜು, ಲೋಹ ಚೀಲಕ್ಕೆ.

ಹಳ್ಳಿಯ ಮನೆಗಳಲ್ಲಿ ಕಸವೆಲ್ಲ ತಿಪ್ಪೆ ಸೇರಿ ವರ್ಷ ತುಂಬುವುದರೊಳಗೆ ಹೊಲಕ್ಕೆ ಗೊಬ್ಬರವಾಗುತ್ತಿತ್ತು. ಹಳೆಯ ಸೀರೆ ಕೌದಿಯಾಗುತ್ತಿತ್ತು. ರದ್ದಿ ಕಾಗದ, ಖಾಲಿ ಶೀಸೆ ಗುಜರಿಯವರ ಗಾಡಿ ಹತ್ತುತ್ತಿದ್ದವು. ಪೇಟೆಯ ಬದುಕು ಮತ್ತು ಪ್ಲಾಸ್ಟಿಕ್ ಎರಡೂ ಒಟ್ಟಿಗೆ ಬೆಳೆದಂತೆ ಈ ಸರಪಳಿ ಕಡಿಯಿತು. ಎಲ್ಲವನ್ನೂ ಒಂದೇ ಕವರಿಗೆ ತುಂಬಿ, ಗಂಟು ಹಾಕಿ, ಗೇಟಿನಾಚೆ ಇಡುವ ಅಭ್ಯಾಸ ಬಂತು.

ಗೇಟಿನಾಚೆ ಇಟ್ಟ ಕಸ ಎಲ್ಲಿಗೆ ಹೋಗುತ್ತದೆಂಬುದನ್ನು ಬೆಂಗಳೂರಿಗೆ ತಿಳಿಸಿಕೊಟ್ಟವರು ಮಾವಳ್ಳಿಪುರ ಮತ್ತು ಮಂಡೂರಿನ ಜನ. ನಗರದ ಉತ್ತರಕ್ಕಿರುವ ಮಾವಳ್ಳಿಪುರದಲ್ಲಿ ವರ್ಷಗಟ್ಟಲೆ ಬೆರಕೆ ಕಸ ಸುರಿಯಲಾಯಿತು. ಗಾಳಿಯಾಡದ ರಾಶಿಯೊಳಗೆ ಕೊಳೆಯುವ ಆಹಾರ ಮೀಥೇನ್ ಅನಿಲವನ್ನು ಹೊರಬಿಡುತ್ತದೆ. ಹಾಗಾಗಿ ಇಂಥ ರಾಶಿಗಳು ತಾವಾಗಿಯೇ ಹೊತ್ತಿಕೊಳ್ಳುವುದುಂಟು. ಮಳೆ ಬಿದ್ದಾಗ ಅವುಗಳಿಂದ ಇಳಿಯುವ ಕಪ್ಪು ರಸ ಬಾವಿ, ಕೆರೆಗಳ ನೀರಿಗೆ ಸೇರುತ್ತದೆ. ಗ್ರಾಮಸ್ಥರ ವಿರೋಧದ ಬಳಿಕ 2012ರಲ್ಲಿ ಮಾವಳ್ಳಿಪುರದ ಬಾಗಿಲು ಮುಚ್ಚಿತು, ನಗರದ ಬೀದಿಗಳಲ್ಲಿ ಕಸದ ಗುಡ್ಡೆಗಳೆದ್ದವು. ಆಮೇಲೆ ಭಾರವೆಲ್ಲ ಮಂಡೂರಿನ ಮೇಲೆ ಬಿತ್ತು. 2014ರಲ್ಲಿ ಅಲ್ಲಿನವರೂ ಲಾರಿಗಳನ್ನು ತಡೆದು ಪ್ರತಿಭಟಿಸಿದರು. ಆ ವರ್ಷದ ಕೊನೆಗೆ ಅಲ್ಲಿ ಸುರಿಯುವುದು ನಿಂತಿತು. ನಗರದವರು ಉಂಡು ಬಿಟ್ಟಿದ್ದರ ವಾಸನೆಯನ್ನು ಈ ಹಳ್ಳಿಗಳ ಮಕ್ಕಳು ಉಸಿರಾಡಿದ್ದರು. ಕಸದ ಚರ್ಚೆ ಎಲ್ಲಿಂದ ಶುರುವಾದರೂ ಈ ಅನ್ಯಾಯವನ್ನು ದಾಟಿ ಹೋಗುವಂತಿಲ್ಲ.

ಆಗಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ 2012ರ ಅಕ್ಟೋಬರಿನಿಂದಲೇ ವಿಂಗಡಣೆಯನ್ನು ಕಡ್ಡಾಯಗೊಳಿಸಿತ್ತು, ಆದರೆ ಪಾಲನೆ ಅರೆಬರೆಯಾಗಿತ್ತು. ಕೆಲವು ಬಡಾವಣೆಗಳ ನಿವಾಸಿಗಳು ತಾವೇ ರೂಢಿಸಿಕೊಂಡಿದ್ದ ಎರಡು ಬುಟ್ಟಿ, ಒಂದು ಚೀಲದ ಕ್ರಮವನ್ನು ಇಡೀ ನಗರಕ್ಕೆ ಅನ್ವಯಿಸುವಂತೆ ಕರ್ನಾಟಕ ಹೈಕೋರ್ಟ್ 2015ರ ಡಿಸೆಂಬರಿನಲ್ಲಿ ಆದೇಶಿಸಿತು. ಮರುವರ್ಷ ಮಾರ್ಚಿನಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಕೈಚೀಲ, ಲೋಟ, ತಟ್ಟೆ, ಫ್ಲೆಕ್ಸ್‌ಗಳನ್ನು ನಿಷೇಧಿಸಿತು. ಏಪ್ರಿಲಿನಲ್ಲಿ ಬಂದ ಕೇಂದ್ರದ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಮೂಲದಲ್ಲೇ ವಿಂಗಡಿಸುವುದನ್ನು ದೇಶದ ಪ್ರತಿ ಮನೆಯ ಹೊಣೆಯಾಗಿಸಿದವು. ಪರಿಸರವನ್ನು ಕಾಪಾಡುವುದು ನಾಗರಿಕನ ಮೂಲಭೂತ ಕರ್ತವ್ಯವೆಂದು ಸಂವಿಧಾನದ 51ಎ ವಿಧಿ 1977ರಿಂದಲೇ ಹೇಳುತ್ತಿದೆ. ಆ ಮಾತು ಅಡುಗೆಮನೆಯ ಮೂಲೆಯವರೆಗೆ ಬರಲು ಇಷ್ಟು ಕಾಲ ಹಿಡಿಯಿತು.

ವಿಂಗಡಣೆಯ ತರ್ಕ ಸರಳ. ಭಾರತದ ನಗರಗಳ ಮನೆ ಕಸದಲ್ಲಿ ಅರ್ಧದಷ್ಟು, ಎಷ್ಟೋ ಕಡೆ ಅದಕ್ಕೂ ಹೆಚ್ಚು ಹಸಿ ಕಸವೇ. ಅದು ಬೇರೆಯಾಗಿದ್ದರೆ ಗೊಬ್ಬರ ಅಥವಾ ಜೈವಿಕ ಅನಿಲವಾಗುತ್ತದೆ. ಸಾರು ಸುರಿದ ಕಾಗದಕ್ಕೆ ಗುಜರಿಯಲ್ಲಿ ಬೆಲೆಯಿಲ್ಲ. ತೊಳೆದು ಒಣಗಿಸಿದ ಹಾಲಿನ ಕವರಿಗೆ ಇದೆ. ಒಮ್ಮೆ ಬೆರೆತದ್ದನ್ನು ಮತ್ತೆ ಬಿಡಿಸಬೇಕಾದರೆ ಯಾರೋ ಕೈ ಹಾಕಲೇಬೇಕು. ಒಡೆದ ಗಾಜು, ಬಳಸಿದ ಬ್ಲೇಡು, ಇಂಜೆಕ್ಷನ್ ಸೂಜಿ ಚುಚ್ಚುವುದು ಪೌರಕಾರ್ಮಿಕರ ಬೆರಳಿಗೆ. ಸ್ಯಾನಿಟರಿ ಪ್ಯಾಡನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಮೇಲೊಂದು ಕೆಂಪು ಚುಕ್ಕೆ ಇಡುವುದು ಅವರ ಬಗ್ಗೆ ತೋರಬಹುದಾದ ಕನಿಷ್ಠ ಮರ್ಯಾದೆ.

ಒಣ ಕಸ ವಾರ್ಡುಗಳ ಒಣ ತ್ಯಾಜ್ಯ ಸಂಗ್ರಹ ಕೇಂದ್ರಗಳಿಗೆ ಹೋಗಿ, ಅಲ್ಲಿ ಬಗೆಬಗೆಯಾಗಿ ವಿಂಗಡಣೆಯಾಗಿ, ನಾಯಂಡಹಳ್ಳಿ, ಜಾಲಿ ಮೊಹಲ್ಲಾಗಳಂಥ ವ್ಯಾಪಾರದ ನೆಲೆಗಳನ್ನು ಸೇರುತ್ತದೆ. ಇಂಥ ಎಷ್ಟೋ ಕೇಂದ್ರಗಳನ್ನು ನಡೆಸುವವರು ಮೊದಲು ಬೀದಿಯಲ್ಲಿ ಚಿಂದಿ ಆಯುತ್ತಿದ್ದವರು. 2011ರಿಂದ ಪಾಲಿಕೆ ಅವರಿಗೆ ಗುರುತಿನ ಚೀಟಿ ಕೊಡತೊಡಗಿತು. ಅವರನ್ನು ಸಂಘಟಿಸಿದ ‘ಹಸಿರು ದಳ’ ಅವರ ದುಡಿಮೆಗೆ ಮನ್ನಣೆ ದೊರಕಿಸಲು ಶ್ರಮಿಸಿದೆ. ಪಾಲಿಕೆ ಎಚ್ಚೆತ್ತುಕೊಳ್ಳುವ ಎಷ್ಟೋ ಮೊದಲೇ ನಗರದ ಮರುಬಳಕೆಯನ್ನು ಹೊತ್ತು ನಡೆಸಿದವರು ಇವರೇ.

ಚೀಲಕ್ಕೆ ಬಿದ್ದ ಎಲ್ಲಕ್ಕೂ ಒಂದೇ ಗತಿಯಿಲ್ಲ. ಗಾಜನ್ನು ಎಷ್ಟು ಸಲ ಬೇಕಾದರೂ ಕರಗಿಸಬಹುದು. ಹಳೆಯ ಅಲ್ಯುಮಿನಿಯಂ ಕರಗಿಸಿದರೆ ಅದಿರಿನಿಂದ ತೆಗೆಯಲು ಬೇಕಾದ ಶಕ್ತಿಯಲ್ಲಿ ಸುಮಾರು ಶೇಕಡಾ 95 ಭಾಗ ಉಳಿತಾಯವಾಗುತ್ತದೆ. ಕಾಗದದ ನಾರು ಪ್ರತಿ ಸಲವೂ ಮೊಟಕಾಗುವುದರಿಂದ ಕೆಲವೇ ಸುತ್ತು ಬಾಳುತ್ತದೆ. ಚಿಪ್ಸ್, ಬಿಸ್ಕತ್ತಿನ ಹೊಳೆಯುವ ಪೊಟ್ಟಣಗಳು ಹಲವು ಪದರಗಳನ್ನು ಅಂಟಿಸಿದವು. ಅವನ್ನು ಬಿಡಿಸುವುದು ಲಾಭದಾಯಕವಲ್ಲ, ಆದ್ದರಿಂದ ಬಹುಪಾಲು ಸಿಮೆಂಟ್ ಕಾರ್ಖಾನೆಯ ಕುಲುಮೆಗೋ ಗುಂಡಿಗೋ ಹೋಗುತ್ತವೆ. ಇಲ್ಲಿ ಮನೆಯವರೊಬ್ಬರನ್ನೇ ದೂರುವುದು ಸರಿಯಲ್ಲ. ಮರುಬಳಕೆಯಾಗದ ಪೊಟ್ಟಣವನ್ನು ಮಾರುಕಟ್ಟೆಗೆ ಬಿಟ್ಟ ತಯಾರಕರೂ ಅದಕ್ಕೆ ಹೊಣೆಗಾರರೆಂದು ದೇಶದ ಪ್ಲಾಸ್ಟಿಕ್ ತ್ಯಾಜ್ಯ ನಿಯಮಗಳು ಒಪ್ಪುತ್ತವೆ. ವಿಂಗಡಿಸಿ ಕೊಟ್ಟ ಕಸ ಒಂದೇ ಆಟೊದಲ್ಲಿ ಮತ್ತೆ ಬೆರೆತುಹೋದರೆ ಜನರ ಉತ್ಸಾಹ ಕುಗ್ಗುತ್ತದೆ. ಈ ದೂರು ನಗರದಲ್ಲಿ ಹಳೆಯದು, ನ್ಯಾಯವಾದದ್ದು ಕೂಡ.

ಹಸಿ ಕಸವನ್ನು ಮನೆ ದಾಟಿಸದವರೂ ಇದ್ದಾರೆ. ತೂತುಗಳಿರುವ ಮಡಕೆ ಅಥವಾ ಡ್ರಮ್ಮಿನಲ್ಲಿ ಒಂದು ಪದರ ಸಿಪ್ಪೆ, ಮೇಲೊಂದು ಪದರ ಒಣಗಿದ ಎಲೆ ಇಲ್ಲವೇ ತೆಂಗಿನ ನಾರಿನ ಪುಡಿ, ಜೊತೆಗೆ ತುಸು ಹುಳಿ ಮಜ್ಜಿಗೆ ಹಾಕಿ ಆಗಾಗ ಕೆದಕುತ್ತಿದ್ದರೆ ಕೆಲವು ತಿಂಗಳಲ್ಲಿ ಮಣ್ಣಿನ ವಾಸನೆಯ ಗೊಬ್ಬರ ಸಿಗುತ್ತದೆ. ವಾಸನೆ ಕೆಟ್ಟರೆ ನೀರು ಹೆಚ್ಚಾಗಿದೆ ಎಂದರ್ಥ; ಒಣ ಎಲೆ ಹೆಚ್ಚಿಸಬೇಕು. ಎಚ್‌ಎಸ್‌ಆರ್ ಬಡಾವಣೆಯ ಸ್ವಚ್ಛಾಗ್ರಹ ಕಲಿಕಾ ಕೇಂದ್ರದಲ್ಲಿ ಇದನ್ನು ನೋಡಿ ಕಲಿಯಬಹುದು.

ಇನ್ನು ಮದುವೆ, ಗೃಹಪ್ರವೇಶ, ನಾಮಕರಣದ ಊಟಗಳಲ್ಲಿ ಬಿಸಾಡುವ ತಟ್ಟೆ, ಲೋಟಗಳ ರಾಶಿಯನ್ನು ತಪ್ಪಿಸಲು ಅದಮ್ಯ ಚೇತನ ಸಂಸ್ಥೆ ‘ಪ್ಲೇಟ್ ಬ್ಯಾಂಕ್’ ನಡೆಸುತ್ತಿದೆ. ಸ್ಟೀಲ್ ತಟ್ಟೆ, ಲೋಟ, ಚಮಚಗಳನ್ನು ಒಯ್ದು, ಸಮಾರಂಭ ಮುಗಿದ ಮೇಲೆ ಮರಳಿಸುವ ಏರ್ಪಾಡು ಇದು. ನಗರದ ಕೆಲವು ಬಡಾವಣೆಗಳ ನಿವಾಸಿಗಳೂ ತಮ್ಮ ತಮ್ಮಲ್ಲೇ ಇಂಥ ತಟ್ಟೆಗಳ ಸಂಗ್ರಹ ಇಟ್ಟುಕೊಂಡಿದ್ದಾರೆ.