ಗಗನದಿಂದ ಬೆಳೆಯ ಅಂದಾಜು

೧೯೭೦ರಲ್ಲಿ ಅಮೆರಿಕದ ಮುಸುಕಿನ ಜೋಳಕ್ಕೆ ಎಲೆ ಅಂಗಮಾರಿ ರೋಗ ತಗುಲಿ, ಬೆಳೆಯಲ್ಲಿ ಸುಮಾರು ಶೇಕಡ ೧೫ ಭಾಗ ನಷ್ಟವಾಯಿತು. ಮುಂದಿನ ಫಸಲಿನಲ್ಲಿ ಎಷ್ಟು ಕೈಗೆ ಹತ್ತೀತೆಂಬುದನ್ನು ಅರಿಯಲು ೧೯೭೧ರಲ್ಲಿ ಏಳು ಸಂಸ್ಥಾನಗಳ ಹೊಲಗಳನ್ನು ವಿಮಾನಗಳಿಂದ ಪರೀಕ್ಷಿಸುವ ಏರ್ಪಾಡಾಯಿತು. ಪಶ್ಚಿಮ ಇಂಡಿಯಾನಾದ ಮೇಲೆ ಹಾರಿದ ಮಿಷಿಗನ್ ವಿಶ್ವವಿದ್ಯಾನಿಲಯದ ಬಹುವರ್ಣಪಟಲ ಯಂತ್ರವು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನೂ ದಾಖಲಿಸಿತು. ಹಸಿರೆಲೆಯು ಇವನ್ನು ಹೇರಳವಾಗಿ ಪ್ರತಿಫಲಿಸುತ್ತದೆ. ರೋಗ ಬಲಿತಂತೆ ಪ್ರತಿಫಲನ ಕುಗ್ಗುತ್ತದೆ. ತೀವ್ರ ರೋಗವೇನೋ ಗೋಚರಿಸಿತು. ಆರಂಭದ ಸೋಂಕು ಮಾತ್ರ ತಪ್ಪಿಸಿಕೊಂಡಿತು. ರೈತನಿಗೆ ಬೇಕಾಗಿದ್ದುದು ಅದೇ ಅಲ್ಲವೆ? ಆದ್ದರಿಂದ ಇದನ್ನು ಯಂತ್ರದ ವಿಜಯವೆಂದು ಬಣ್ಣಿಸುವುದನ್ನು ನಾವು ಒಪ್ಪಲಾರೆವು. ಹೊಲಕ್ಕಿಳಿದು ಎಲೆಯೆಲೆಯನ್ನು ನೋಡಿದವರ ವರದಿಯೊಡನೆ ಹೋಲಿಸಿದಾಗಲೇ ಆ ದಾಖಲೆಗಳಿಗೆ ಅರ್ಥ ಬಂದಿತು.